ಸುಂಕದವನ ಮುಂದೆ ಹತ್ತು ನಿಮಿಷ

ನಿಮ್ಮ ಮನೆಯ ಮುಂಬಾಗಿಲಿಗೆ ಎಷ್ಟು ಮೆಟ್ಟಿಲು? ಅಕ್ಕಿ ತುಂಬಿಡುವ ಪೆಟ್ಟಿಗೆ ಯಾವ ಕೋಣೆಯಲ್ಲಿದೆ? ಊರಿನ ಬಾವಿ ಮನೆಯಿಂದ ಯಾವ ದಿಕ್ಕಿಗೆ? ಎರಡನೆಯ ಸಾಲಿನ ಮೂರನೆಯ ಮನೆಯಲ್ಲಿ ಯಾರಿದ್ದಾರೆ? ನಿಮ್ಮ ತಂದೆ ವರ್ಷಕ್ಕೆ ಎಷ್ಟು ಕಾಗದ ಬರೆಯುತ್ತಿದ್ದರು?

ಅದೇ ಊರಿನಲ್ಲಿ ಹುಟ್ಟಿ ಬೆಳೆದವರಿಗೂ ಥಟ್ಟನೆ ಉತ್ತರ ಹೊಳೆಯದಂಥ ಪ್ರಶ್ನೆಗಳಿವು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿರುವ ಏಂಜಲ್ ದ್ವೀಪದ ವಲಸೆ ಠಾಣೆಯಲ್ಲಿ 1910ರಿಂದ 1940ರ ವರೆಗೆ ಚೀನಾದಿಂದ ಬಂದಿಳಿದವರಿಗೆ ಇಂಥ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತು. ಒಂದೆರಡಲ್ಲ, ಕೆಲವರಿಗೆ ನೂರಾರು. ವಿಚಾರಣೆ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ನಡೆಯುತ್ತಿತ್ತು. ಎದುರಿಗೆ ಅಧಿಕಾರಿಗಳು, ಒಬ್ಬ ದುಭಾಷಿ, ಒಬ್ಬ ಶೀಘ್ರಲಿಪಿಕಾರ. ಮಗ ಹೇಳಿದ ಉತ್ತರ ಒಂದು ಕಾಗದದಲ್ಲಿ, ತಂದೆ ಹೇಳಿದ ಉತ್ತರ ಇನ್ನೊಂದರಲ್ಲಿ. ಎರಡೂ ತಾಳೆಯಾಗದಿದ್ದರೆ ಮಗ ಮುಂದಿನ ಹಡಗು ಹತ್ತಿ ವಾಪಸು ಹೋಗಬೇಕಾಗುತ್ತಿತ್ತು.

ಇಂದು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ನಡೆಯುವ ಇನ್ನೊಂದು ಸಂದರ್ಶನವಿದೆ. ಹೆಚ್ಚೆಂದರೆ ಹತ್ತು ಹದಿನೈದು ನಿಮಿಷದ್ದು. ಅದರಲ್ಲಿ ತೇರ್ಗಡೆಯಾದವರಿಗೆ ಸರ್ಕಾರ 'ನಂಬಿಕಸ್ಥ ಪ್ರಯಾಣಿಕ' ಎಂಬ ಪದವಿ ಕೊಡುತ್ತದೆ. ಗ್ಲೋಬಲ್ ಎಂಟ್ರಿ ಎಂಬ ಹೆಸರಿನ ಈ ಏರ್ಪಾಡಿನ ಸದಸ್ಯರು ದೂರ ಪ್ರಯಾಣ ಮುಗಿಸಿ ಬಂದಿಳಿದಾಗ ಉದ್ದನೆಯ ಸಾಲಿನಲ್ಲಿ ನಿಲ್ಲುವಂತಿಲ್ಲ. ಯಂತ್ರದ ಮುಂದೆ ಮುಖ ತೋರಿಸಿ ಹೊರಬೀಳುತ್ತಾರೆ. ಏಂಜಲ್ ದ್ವೀಪದ ವಿಚಾರಣೆಗೂ ಈ ಸಂದರ್ಶನಕ್ಕೂ ಅಜಗಜಾಂತರ. ಆದರೂ ಎರಡೂ ಒಂದೇ ಮನೆತನದವು ಎಂಬುದನ್ನು ಅರಿಯಲು ರಹದಾರಿಯ ಇತಿಹಾಸವನ್ನು ಸ್ವಲ್ಪ ಕೆದಕಬೇಕಾಗುತ್ತದೆ.

ಕಾಗದದ ಮಕ್ಕಳು

ಚೀನಾದ ಕೂಲಿಕಾರರು ಒಳಬರದಂತೆ ಅಮೆರಿಕ 1882ರಲ್ಲಿ ಕಾಯ್ದೆಯೊಂದನ್ನು ತಂದಿತ್ತು. ವ್ಯಾಪಾರಿಗಳು, ವಿದ್ಯಾರ್ಥಿಗಳು, ಉಪಾಧ್ಯಾಯರು ಮೊದಲಾದ ಕೆಲವೇ ವರ್ಗದವರಿಗೆ ವಿನಾಯಿತಿ ಇತ್ತು. ಅಮೆರಿಕದ ನೆಲದಲ್ಲಿ ಹುಟ್ಟಿದ ಚೀನೀಯನೂ ಅಮೆರಿಕದ ಪ್ರಜೆಯೇ ಎಂದು ಅಲ್ಲಿನ ಸುಪ್ರೀಂ ಕೋರ್ಟು 1898ರಲ್ಲಿ ತೀರ್ಪು ನೀಡಿದ ಮೇಲೆ ಅಂಥವರಿಗೂ ಅವರ ಮಕ್ಕಳಿಗೂ ದಾರಿ ತೆರೆದಿತ್ತು. ಅಷ್ಟರಲ್ಲಿ 1906ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರ ಭೂಕಂಪಕ್ಕೆ ತುತ್ತಾಯಿತು. ಅದರ ಬೆನ್ನಿಗೇ ಎದ್ದ ಬೆಂಕಿಯಲ್ಲಿ ನಗರದ ಜನನ ದಾಖಲೆಗಳು ಬೂದಿಯಾದವು. ದಾಖಲೆಯೇ ಇಲ್ಲವೆಂದ ಮೇಲೆ 'ನಾನು ಇಲ್ಲೇ ಹುಟ್ಟಿದವನು' ಎಂದು ಹೇಳುವವನನ್ನು ಅಲ್ಲಗಳೆಯುವುದು ಹೇಗೆ?

ಹಾಗೆ ಪ್ರಜೆಯಾದವನು ಚೀನಾಕ್ಕೆ ಹೋಗಿಬಂದಾಗಲೆಲ್ಲ ತನಗೆ ಅಲ್ಲೊಬ್ಬ ಗಂಡುಮಗ ಹುಟ್ಟಿದ್ದಾನೆಂದು ಬರೆಸುತ್ತಿದ್ದ. ಎಷ್ಟೋ ವೇಳೆ ಅಂಥ ಮಗನೇ ಇರುತ್ತಿರಲಿಲ್ಲ. ದಾಖಲೆಯಲ್ಲಿ ಹುಟ್ಟಿದ ಆ ಮಗನ ಜಾಗವನ್ನು ಊರಿನ ಬೇರೊಬ್ಬ ತರುಣ ಹಣ ಕೊಟ್ಟು ಕೊಳ್ಳುತ್ತಿದ್ದ. ಇವರಿಗೆ 'ಕಾಗದದ ಮಕ್ಕಳು' ಎಂದೇ ಹೆಸರಾಯಿತು. ಅಧಿಕಾರಿಗಳಿಗೆ ಇದರ ವಾಸನೆ ಬಡಿಯದಿರಲಿಲ್ಲ. ಮೆಟ್ಟಿಲು, ಬಾವಿ, ಅಕ್ಕಿ ಪೆಟ್ಟಿಗೆಗಳ ಪ್ರಶ್ನೆಗಳು ಹುಟ್ಟಿಕೊಂಡಿದ್ದು ಹೀಗೆ.

ಪ್ರಶ್ನೆ ಹುಟ್ಟಿದರೆ ಗೈಡು ಹುಟ್ಟಲು ಎಷ್ಟು ಹೊತ್ತು! ಮನೆ, ಬೀದಿ, ಬಂಧುಬಳಗದ ವಿವರಗಳನ್ನೆಲ್ಲ ಪ್ರಶ್ನೋತ್ತರ ರೂಪದಲ್ಲಿ ಬರೆದ ಪುಸ್ತಕಗಳನ್ನು ತರುಣರು ಹಡಗಿನಲ್ಲಿ ಕುಳಿತು ಬಾಯಿಪಾಠ ಮಾಡುತ್ತಿದ್ದರು. ದಡ ಕಾಣುವ ಮುನ್ನ ಪುಸ್ತಕ ಸಮುದ್ರದ ಪಾಲಾಗುತ್ತಿತ್ತು. ದ್ವೀಪದ ಬಂಧನದಲ್ಲಿ ಇರುವಾಗಲೂ ಮರೆತುಹೋದ ಉತ್ತರಗಳು ಅಡುಗೆ ಕೆಲಸದವರ ಮೂಲಕ ಚೀಟಿಗಳಾಗಿ ಒಳಬರುತ್ತಿದ್ದವು. ಇದರಲ್ಲಿ ಕರುಳು ಕಿವುಚುವ ಸಂಗತಿಯೊಂದಿದೆ. ನಿಜವಾದ ಮಕ್ಕಳೂ ಇದೇ ಪಾಠ ಓದಲೇಬೇಕಾಗಿತ್ತು. ಹೆತ್ತ ತಂದೆಗೂ ಮಗನಿಗೂ ಮನೆಯ ಮೆಟ್ಟಿಲ ಲೆಕ್ಕ ಒಂದೇ ಇರಬೇಕೆಂದೇನಿಲ್ಲವಲ್ಲ. ಸುಳ್ಳು ಹೇಳುವವನು ಚೆನ್ನಾಗಿ ಓದಿಕೊಂಡು ಬಂದರೆ ಪಾರು, ನಿಜ ಹೇಳುವವನು ತಡವರಿಸಿದರೆ ಗಡೀಪಾರು.

ತೀರ್ಪಿಗಾಗಿ ಕೆಲವರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಅಲ್ಲಿ ಕೊಳೆತರು. ಅವರು ಮರದ ಗೋಡೆಗಳ ಮೇಲೆ ಕೆತ್ತಿದ ಚೀನೀ ಕವಿತೆಗಳು ಬಣ್ಣದ ಪದರಗಳ ಅಡಿಯಲ್ಲಿ ಹುದುಗಿಹೋಗಿದ್ದವು. 1970ರಲ್ಲಿ ಉದ್ಯಾನದ ಕಾವಲು ಅಧಿಕಾರಿಯೊಬ್ಬ ಅವುಗಳನ್ನು ಗುರುತಿಸಿದ ಮೇಲೆ, ಕೆಡವಬೇಕೆಂದಿದ್ದ ಆ ಕಟ್ಟಡ ಉಳಿದುಕೊಂಡಿತು.

ಇತ್ತ ಅಟ್ಲಾಂಟಿಕ್ ಕಡೆಯ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರ ವರೆಗೆ ಸುಮಾರು 1 ಕೋಟಿ 20 ಲಕ್ಷ ಮಂದಿ, ಮುಖ್ಯವಾಗಿ ಯೂರೋಪಿನವರು, ಹಾದುಹೋದರು. ಅಲ್ಲಿ ತಿರಸ್ಕೃತರಾದವರು ನೂರಕ್ಕೆ ಇಬ್ಬರಷ್ಟೇ. ಆದರೆ ಅಲ್ಲೂ ಒಂದು ತೊಡಕಿನ ಪ್ರಶ್ನೆ ಇತ್ತು: 'ನಿನಗಾಗಿ ಇಲ್ಲಿ ಕೆಲಸ ಕಾದಿದೆಯೇ?' ಹೌದೆಂದರೆ ಒಳ್ಳೆಯದೆಂದು ಯಾರಿಗಾದರೂ ಅನ್ನಿಸುತ್ತದೆ. ಮೊದಲೇ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ಕರೆತರುವುದನ್ನು ಕಾನೂನು ನಿಷೇಧಿಸಿದ್ದರಿಂದ ಹೌದೆಂದವನೇ ಸಿಕ್ಕಿಬೀಳುತ್ತಿದ್ದ. ಕೆಲಸವಿಲ್ಲ, ದುಡಿಯುವ ತೋಳಿದೆ ಎಂಬಂತೆ ಉತ್ತರಿಸಬೇಕೆಂದು ಹಡಗಿನಲ್ಲೇ ಹಿರಿಯರು ಹೇಳಿಕೊಡುತ್ತಿದ್ದರು.

ಮುದ್ರಾಧ್ಯಕ್ಷನ ಕಚೇರಿ

ಬಂದವನನ್ನು ತಡೆದು ನಿಲ್ಲಿಸುವುದು ರಾಜ್ಯದಷ್ಟೇ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷ ಶುಲ್ಕ ಪಡೆದು ಮುದ್ರೆಯೊತ್ತಿದ ರಹದಾರಿ ಕೊಡುವುದು ಅವನ ಕೆಲಸ. ನಾಡಿನವನೇ ಆದರೂ ಅದಿಲ್ಲದೆ ಗಡಿ ದಾಟಿದರೆ 12 ಪಣ ದಂಡ. ಖೋಟಾ ಮುದ್ರೆ ತೋರಿಸಿದರೆ ದಂಡ ಇನ್ನೂ ಹೆಚ್ಚು, ಖೋಟಾ ತೋರಿಸಿದವನು ಹೊರನಾಡಿನವನಾದರೆ ಎಲ್ಲಕ್ಕಿಂತ ಹೆಚ್ಚು. ಹುಲ್ಲುಗಾವಲುಗಳನ್ನು ನೋಡಿಕೊಳ್ಳುವ ವಿವೀತಾಧ್ಯಕ್ಷ ದಾರಿಯಲ್ಲಿ ಈ ಮುದ್ರೆಗಳನ್ನು ಪರೀಕ್ಷಿಸುತ್ತಿದ್ದ.

ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಮೂಲವನ್ನು ಅವರು 1909ರಲ್ಲಿ ಅಚ್ಚು ಹಾಕಿಸಿದರು. ಇಂಗ್ಲಿಷ್ ಅನುವಾದ 1915ರಲ್ಲಿ ಹೊರಬಂತು. ಮುದ್ರಾಧ್ಯಕ್ಷ ಇಂಗ್ಲಿಷ್ ಓದುಗರಿಗೆ ಪರಿಚಯವಾದ ಆ ಹೊತ್ತಿಗೆ ಸರಿಯಾಗಿ, ಮೊದಲನೆಯ ಮಹಾಯುದ್ಧದ ಗೂಢಚಾರರ ಭಯದಿಂದ, ಯೂರೋಪಿನ ಸರ್ಕಾರಗಳು ಪಾಸ್‌ಪೋರ್ಟಿಗೆ ಭಾವಚಿತ್ರ ಅಂಟಿಸಿ ಅದನ್ನು ಕಡ್ಡಾಯ ಮಾಡತೊಡಗಿದ್ದು ಕಾಕತಾಳೀಯ. ಅದಕ್ಕೂ ಮುಂಚಿನ ಕೆಲವು ದಶಕಗಳಲ್ಲಿ ಯೂರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ರೈಲು ಹತ್ತಿ ದೇಶ ದಾಟಬಹುದಾಗಿತ್ತು. ಯುದ್ಧ ಮುಗಿದ ಮೇಲೆ 1920ರಲ್ಲಿ ರಾಷ್ಟ್ರಸಂಘವು ಪ್ಯಾರಿಸ್ಸಿನಲ್ಲಿ ಕರೆದ ಸಮ್ಮೇಳನ ಈ ಕಾಟ ಎಂದಾದರೂ ತೊಲಗಲಿ ಎಂದು ಆಶಿಸಿತು. ಹಾಗೆ ಆಶಿಸುತ್ತಲೇ 32 ಪುಟಗಳ ಪುಸ್ತಿಕೆಯ ನಮೂನೆಯನ್ನೂ ಗೊತ್ತುಮಾಡಿತು. ಆಶಯ ಕಡತದಲ್ಲಿ ಉಳಿಯಿತು, ಪುಸ್ತಿಕೆ ಎಲ್ಲರ ಕಿಸೆ ಸೇರಿತು.

ಹಕ್ಕೋ, ಕೃಪೆಯೋ?

ಭಾರತೀಯರ ಮಟ್ಟಿಗೆ ಈ ಪುಸ್ತಿಕೆಯ ಹಿಂದೆ ಕಹಿ ನೆನಪುಗಳಿವೆ. 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಎಂಬ ಹಡಗು 376 ಪ್ರಯಾಣಿಕರನ್ನು ಹೊತ್ತು ಕೆನಡಾದ ವ್ಯಾಂಕೂವರ್ ತಲಪಿತು. ಬಹುತೇಕ ಎಲ್ಲರೂ ಪಂಜಾಬಿನವರು. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾದ ಅವರನ್ನು ಬಣ್ಣದ ಕಾರಣ ಹೇಳಿ ತಡೆಯುವಂತಿರಲಿಲ್ಲ. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದಿರಬೇಕು, ಕೈಯಲ್ಲಿ 200 ಡಾಲರ್ ಇರಬೇಕು ಎಂಬ ನಿಯಮಗಳು ಆ ಕೆಲಸ ಮಾಡಿದವು. ಎರಡು ತಿಂಗಳು ಬಂದರಿನಲ್ಲೇ ನಿಂತ ಹಡಗು ಕೆಲವರನ್ನಷ್ಟೇ ಇಳಿಸಿ ಜುಲೈ 23ರಂದು ಹಿಂದಿರುಗಿತು. ಕಲ್ಕತ್ತೆಯ ಸಮೀಪದ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿತು. ಅಮೆರಿಕದ ಏಂಜಲ್ ದ್ವೀಪದಲ್ಲೂ ನಮ್ಮವರ ಪಾಡು ಬೇರೆಯಾಗಿರಲಿಲ್ಲ. ಅಲ್ಲಿ ಅತಿ ಹೆಚ್ಚಿನ ಪ್ರಮಾಣದಲ್ಲಿ ತಿರಸ್ಕೃತರಾದವರು ಭಾರತೀಯರೇ ಎಂದು ಆ ಠಾಣೆಯ ಕಡತಗಳನ್ನು ಶೋಧಿಸಿದ ಇತಿಹಾಸಕಾರರು ಬರೆದಿದ್ದಾರೆ.

ಬ್ರಿಟಿಷ್ ಇಂಡಿಯಾ ಸರ್ಕಾರ 1917ರಲ್ಲಿ ಯುದ್ಧಕಾಲದ ನಿಯಮವಾಗಿ ಪಾಸ್‌ಪೋರ್ಟನ್ನು ಜಾರಿಗೆ ತಂದಿತು. 1920ರಲ್ಲಿ ಅದಕ್ಕೊಂದು ಕಾಯ್ದೆಯ ರೂಪ ಬಂತು. ಯಾರಿಗೆ ಕೊಡಬೇಕು, ಯಾರಿಗೆ ಬಾರದು ಎಂಬುದು ಸರ್ಕಾರದ ಮರ್ಜಿ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವಾದರೂ ಮರ್ಜಿ ಹಾಗೇ ಉಳಿದಿತ್ತು. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿ ತನ್ನ ಪಾಸ್‌ಪೋರ್ಟನ್ನು ಹಿಂದಿರುಗಿಸಬೇಕೆಂಬ ಸರ್ಕಾರದ ಆಜ್ಞೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಆ ಮರ್ಜಿ ಪ್ರಶ್ನೆಗೊಳಗಾಯಿತು. ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರಿದ್ದ ಪೀಠ 1967ರ ಏಪ್ರಿಲ್ 10ರಂದು ಇಬ್ಬರ ವಿರುದ್ಧ ಮೂವರ ಬಹುಮತದಿಂದ, ವಿದೇಶಕ್ಕೆ ಹೋಗುವುದೂ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಕಾನೂನಿಲ್ಲದೆ ಅಧಿಕಾರಿಯ ಇಷ್ಟದಂತೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದಿತು. ಸರ್ಕಾರ ಅವಸರದಲ್ಲಿ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಮಾಡಿತು. 1978ರ ಜನವರಿಯಲ್ಲಿ ಮೇನಕಾ ಗಾಂಧಿ ಮೊಕದ್ದಮೆಯ ತೀರ್ಪು ಬಂದು, ಪಾಸ್‌ಪೋರ್ಟ್ ಕಿತ್ತುಕೊಳ್ಳುವ ಮುನ್ನ ನ್ಯಾಯವಾದ ವಿಧಾನ ಅನುಸರಿಸಲೇಬೇಕೆಂಬುದು ಇನ್ನಷ್ಟು ಗಟ್ಟಿಯಾಯಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಂಬಿಕಸ್ಥ ಪ್ರಯಾಣಿಕನ ಪದವಿ ಹಕ್ಕಲ್ಲ. ಅದನ್ನು ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಅಂದು ಮುಂಬಾಗಿಲಿನಿಂದ ಹೊರಹೋದ ಮರ್ಜಿ ಪಕ್ಕದ ಬಾಗಿಲಿನಿಂದ ಒಳಬಂದಿದೆ ಎನ್ನಬೇಕು.

ಅಂಗೈಯ ಅಳತೆ

ವಿಮಾನ ಪ್ರಯಾಣಿಕರ ಸಂಖ್ಯೆ ಏರಿದಂತೆ ವಲಸೆ ಕೌಂಟರುಗಳ ಮುಂದಿನ ಸಾಲೂ ಬೆಳೆಯಿತು. 1993ರಲ್ಲಿ ಅಮೆರಿಕ ಒಂದು ಪ್ರಯೋಗ ಮಾಡಿತು. ವರ್ಷಕ್ಕೆ ಮೂರು ಬಾರಿಯಾದರೂ ಬಂದುಹೋಗುವ ವ್ಯಾಪಾರಸ್ಥರು ಒಮ್ಮೆ ಅಧಿಕಾರಿಯ ಮುಂದೆ ಕುಳಿತು ತಮ್ಮ ಹಿನ್ನೆಲೆ ತಿಳಿಸಿ, ಅಂಗೈಯ ಆಕಾರದ ಅಳತೆ ಕೊಟ್ಟರೆ ಕಾರ್ಡೊಂದು ಸಿಗುತ್ತಿತ್ತು. ಮುಂದೆ ಬಂದಾಗ ಯಂತ್ರದ ಮೇಲೆ ಕೈಯಿಟ್ಟರೆ ಸಾಕು. ಇನ್‌ಸ್ಪಾಸ್ ಎಂದು ಕರೆಯಲಾದ ಈ ಯೋಜನೆ ನ್ಯೂಯಾರ್ಕ್ ಮತ್ತು ನ್ಯೂಆರ್ಕ್ ನಿಲ್ದಾಣಗಳಲ್ಲಿ ಆರಂಭವಾಯಿತು. ಅಮೆರಿಕ, ಕೆನಡಾದವರಿಗೆ ಮತ್ತು ವೀಸಾ ಬೇಕಿಲ್ಲದ ಕೆಲವು ಶ್ರೀಮಂತ ದೇಶಗಳವರಿಗೆ ಮಾತ್ರ ಇದು ಲಭ್ಯವಿತ್ತು. ಭಾರತದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. 1995ರಲ್ಲಿ ಮೆಕ್ಸಿಕೊ ಗಡಿಯ ಒಟಾಯ್ ಮೇಸಾದಲ್ಲಿ ದಿನನಿತ್ಯ ಕಾರಿನಲ್ಲಿ ಗಡಿ ದಾಟುವವರಿಗಾಗಿ ಇಂಥದೇ ಏರ್ಪಾಡು ಬಂತು.

ಇವೆಲ್ಲ ಅನುಕೂಲದ ಲೆಕ್ಕಾಚಾರಗಳಾಗಿದ್ದವು. 2001ರ ಸೆಪ್ಟೆಂಬರ್ 11ರ ನಂತರ ಲೆಕ್ಕ ಬದಲಾಯಿತು. ಎಲ್ಲರನ್ನೂ ಸಮನಾಗಿ ತಪಾಸಣೆ ಮಾಡಹೊರಟರೆ ಯಾರನ್ನೂ ಸರಿಯಾಗಿ ತಪಾಸಣೆ ಮಾಡಲಾಗದು. ಕಾಳನ್ನು ಮೊದಲೇ ಕೇರಿ ಬೇರೆ ಮಾಡಿಟ್ಟರೆ ಉಳಿದದ್ದರ ಮೇಲೆ ಕಣ್ಣಿಡಬಹುದು ಎಂಬ ವಾದ ಬಲವಾಯಿತು. 2004ರ ಕಾಯ್ದೆಯೊಂದು ಅದಕ್ಕೆ ದಾರಿ ಮಾಡಿತು. 2008ರ ಜೂನ್ 6ರಂದು ನ್ಯೂಯಾರ್ಕ್, ವಾಷಿಂಗ್‌ಟನ್ ಬಳಿಯ ಡಲ್ಲೆಸ್ ಮತ್ತು ಹ್ಯೂಸ್ಟನ್ ನಿಲ್ದಾಣಗಳಲ್ಲಿ ಗ್ಲೋಬಲ್ ಎಂಟ್ರಿ ಪ್ರಾಯೋಗಿಕವಾಗಿ ಶುರುವಾಗಿ 2012ರಲ್ಲಿ ಕಾಯಂ ಆಯಿತು. ಗ್ರೀನ್ ಕಾರ್ಡ್ ಹೊಂದಿದ ಭಾರತೀಯರಿಗೆ ಮೊದಲಿನಿಂದಲೂ ಅವಕಾಶವಿತ್ತು. ಉಳಿದ ಭಾರತೀಯ ಪ್ರಜೆಗಳಿಗೆ ಬಾಗಿಲು ತೆರೆದದ್ದು 2017ರ ಜುಲೈನಲ್ಲಿ. ಮೊದಲ ಸದಸ್ಯರಾದವರು ಅಂದಿನ ಭಾರತದ ರಾಯಭಾರಿ ನವತೇಜ್ ಸರ್ನಾ. ನಂಬಿಕೆಯನ್ನು ರಾಯಭಾರಿಯಿಂದಲೇ ಆರಂಭಿಸಿದ್ದು ಸುರಕ್ಷಿತ ಆಯ್ಕೆಯೇ ಸರಿ.

ಅರ್ಜಿ ಎಂಬ ಆತ್ಮಕಥೆ

ಈಗ ಸಂದರ್ಶನದ ಸಿದ್ಧತೆಗೆ ಬರೋಣ. ಅರ್ಜಿಯಲ್ಲಿ ಕಳೆದ ಐದು ವರ್ಷ ವಾಸವಿದ್ದ ವಿಳಾಸಗಳು, ಮಾಡಿದ ಉದ್ಯೋಗಗಳು, ಹೋಗಿಬಂದ ದೇಶಗಳು ಎಲ್ಲವನ್ನೂ ಬಿಡದೆ ಬರೆಯಬೇಕು. ಎಂದಾದರೂ ಬಂಧನವಾಗಿತ್ತೇ, ಸುಂಕ ಇಲಾಖೆ ದಂಡ ಹಾಕಿತ್ತೇ ಎಂದು ಕೇಳುತ್ತದೆ. ಖುಲಾಸೆಯಾದ ಮೊಕದ್ದಮೆಯನ್ನೂ ಮುಚ್ಚಿಡಬಾರದು. ಭಾರತೀಯ ಪ್ರಜೆಗಳ ಪೂರ್ವಾಪರವನ್ನು ಇಲ್ಲಿಯೂ ವಿಚಾರಿಸಲಾಗುತ್ತದೆ. 100 ಡಾಲರ್ ಇದ್ದ ಶುಲ್ಕ 2024ರ ಅಕ್ಟೋಬರ್‌ನಿಂದ 120 ಡಾಲರ್ ಆಯಿತು. ಅರ್ಜಿ ತಿರಸ್ಕೃತವಾದರೂ ಹಣ ವಾಪಸು ಬರದು. ಹಿನ್ನೆಲೆಯ ಪರಿಶೀಲನೆ ಮುಗಿದು ಷರತ್ತಿನ ಒಪ್ಪಿಗೆ ಸಿಕ್ಕವರಿಗೆ ಮಾತ್ರ ಸಂದರ್ಶನ.

ಅಲ್ಲಿಗೆ ಒಯ್ಯಬೇಕಾದ್ದು ಪಾಸ್‌ಪೋರ್ಟ್, ವೀಸಾ ಅಥವಾ ಗ್ರೀನ್ ಕಾರ್ಡ್, ವಾಸಸ್ಥಳದ ಪುರಾವೆ. ಅಧಿಕಾರಿ ಕೇಳುವುದೂ ಸರಳ: ಏಕೆ ಸೇರಬೇಕೆಂದಿದ್ದೀರಿ, ಎಷ್ಟು ಬಾರಿ ಪ್ರಯಾಣ ಮಾಡುತ್ತೀರಿ, ಕೆಲಸವೇನು, ಎಂದಾದರೂ ತೊಂದರೆಗೆ ಸಿಕ್ಕಿದ್ದಿರೇ. ಬೆರಳಚ್ಚು ಕೊಟ್ಟು ಫೋಟೊ ತೆಗೆಸಿಕೊಂಡರೆ ಮುಗಿಯಿತು. ಇಷ್ಟೇ ಏನು ಎಂದು ಅನೇಕರಿಗೆ ಅಚ್ಚರಿಯಾಗುತ್ತದೆ. ಅಚ್ಚರಿಯೇನಿಲ್ಲ. ಏಂಜಲ್ ದ್ವೀಪದ ಅಧಿಕಾರಿಗೆ ಎದುರಿಗಿದ್ದವನ ಬಾಯಿಮಾತೇ ದಾಖಲೆ. ಇಂದಿನ ಅಧಿಕಾರಿಗೆ ಉತ್ತರ ಮೊದಲೇ ಗೊತ್ತು. ಅವನ ಪರದೆಯಲ್ಲಿರುವ ಉತ್ತರವೂ ಅರ್ಜಿದಾರನ ಉತ್ತರವೂ ಒಂದೇ ಆಗಿದೆಯೇ ಎಂದು ನೋಡುವುದಷ್ಟೇ ಉಳಿದಿರುತ್ತದೆ. ಹದಿನೈದು ವರ್ಷದ ಹಿಂದಿನ ಸಣ್ಣ ಪ್ರಕರಣವನ್ನು ಮರೆತು 'ಇಲ್ಲ' ಎಂದವನು ಸುಳ್ಳುಗಾರನಾಗುತ್ತಾನೆ. ಸಿದ್ಧತೆ ಎಂದರೆ ಈಗ ಬಾಯಿಪಾಠವಲ್ಲ, ತನ್ನದೇ ಹಳೆಯ ಕಾಗದಪತ್ರಗಳನ್ನು ಹುಡುಕಿ ತೆಗೆದು ಮತ್ತೊಮ್ಮೆ ಓದಿಕೊಳ್ಳುವುದು.

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರಂತೆ' ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಸೂಟ್‌ಕೇಸಿನಲ್ಲಿ ಅಮ್ಮ ಪ್ರೀತಿಯಿಂದ ಇಟ್ಟ ಕರಿಬೇವಿನ ಕಟ್ಟು, ಎರಡು ಮಾವಿನಹಣ್ಣು ಸುಂಕದವರಿಗೆ ಪ್ರೀತಿಯಾಗಿ ಕಾಣುವುದಿಲ್ಲ. ಕರಿಬೇವು ನಿಂಬೆ, ಕಿತ್ತಳೆಗಳ ಜಾತಿಗೇ ಸೇರಿದ ಗಿಡ. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಕೀಟ ಅದರ ಎಲೆಯಲ್ಲಿ ಕುಳಿತು ಬರಬಹುದೆಂದು ಭಾರತದ ಹಸಿ ಕರಿಬೇವಿಗೆ ಅಲ್ಲಿ ನಿಷೇಧವಿದೆ. ಸಾಮಾನ್ಯ ಪ್ರಯಾಣಿಕ ಮರೆಮಾಚಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಹೋಗುತ್ತಾನೆ. ನಂಬಿಕಸ್ಥನು ಸಿಕ್ಕಿಬಿದ್ದರೆ ದಂಡದ ಜೊತೆಗೆ ಪದವಿಯನ್ನೂ ಕಳೆದುಕೊಳ್ಳಬಹುದು. ತಿಂಡಿ ತಿನಿಸು ಏನೇ ಇದ್ದರೂ ಮೊದಲೇ ಹೇಳಿಬಿಡುವುದು ಕ್ಷೇಮ.

ತಪ್ಪು ಮಾಡದವರಿಗೂ ಈ ಪದವಿ ಎಷ್ಟು ನಾಜೂಕಾದದ್ದೆಂದು 2020ರಲ್ಲಿ ನ್ಯೂಯಾರ್ಕ್ ರಾಜ್ಯದವರಿಗೆ ತಿಳಿಯಿತು. ವಲಸೆ ದಾಖಲೆಯಿಲ್ಲದವರಿಗೂ ಚಾಲನಾ ಪರವಾನಗಿ ಕೊಡುವ ಕಾನೂನನ್ನು ಆ ರಾಜ್ಯ ಮಾಡಿತ್ತು. ಪರವಾನಗಿಯ ದಾಖಲೆಗಳನ್ನು ವಲಸೆ ಇಲಾಖೆಗಳಿಗೆ ತೋರಿಸುವುದನ್ನೂ ನಿಲ್ಲಿಸಿತ್ತು. ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆ ರಾಜ್ಯದ ನಿವಾಸಿಗಳೆಲ್ಲರಿಗೂ ಗ್ಲೋಬಲ್ ಎಂಟ್ರಿಯ ಹೊಸ ಸದಸ್ಯತ್ವ, ನವೀಕರಣಗಳನ್ನು ನಿಲ್ಲಿಸಿಬಿಟ್ಟಿತು. ರಾಜ್ಯ ಕೋರ್ಟಿಗೆ ಹೋಯಿತು. ತಾನು ಕೋರ್ಟಿಗೆ ಹೇಳಿದ್ದರಲ್ಲಿ ಕೆಲವು ಸರಿಯಲ್ಲವೆಂದು ಒಪ್ಪಿಕೊಂಡು ಕೇಂದ್ರವು ಜುಲೈನಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಎರಡು ಸರ್ಕಾರಗಳ ಜಗಳದಲ್ಲಿ ಐದು ತಿಂಗಳು ಸಾಲಿನಲ್ಲಿ ನಿಂತವರು ಯಾವ ತಪ್ಪನ್ನೂ ಮಾಡಿದವರಲ್ಲ.

ದೇವನಹಳ್ಳಿಯ ಗೇಟು

ಭಾರತವೂ ಈಗ ಇದೇ ಹಾದಿಯಲ್ಲಿದೆ. 2024ರ ಜೂನ್ 22ರಂದು ದೆಹಲಿಯ ಮೂರನೆಯ ಟರ್ಮಿನಲ್‌ನಲ್ಲಿ ನಮ್ಮದೇ ನಂಬಿಕಸ್ಥ ಪ್ರಯಾಣಿಕರ ಯೋಜನೆ ಉದ್ಘಾಟನೆಯಾಯಿತು. 2025ರ ಜನವರಿ 16ರಂದು ಬೆಂಗಳೂರೂ ಸೇರಿ ಇನ್ನೂ ಏಳು ನಿಲ್ದಾಣಗಳಿಗೆ ಅದು ವಿಸ್ತರಿಸಿತು. ಭಾರತೀಯ ಪ್ರಜೆಗಳೂ ಸಾಗರೋತ್ತರ ಭಾರತೀಯ ಕಾರ್ಡ್ ಉಳ್ಳವರೂ ಅರ್ಜಿ ಹಾಕಬಹುದು. ಪರಿಶೀಲನೆಯಾದ ಮೇಲೆ ಬೆರಳಚ್ಚು, ಮುಖಚಹರೆ ದಾಖಲಿಸಿದರೆ ಆಯಿತು. ಮುಂದಿನ ಪ್ರಯಾಣದಲ್ಲಿ ದೇವನಹಳ್ಳಿಯ ನಿಲ್ದಾಣದ ಎಲೆಕ್ಟ್ರಾನಿಕ್ ಗೇಟು ತಾನೇ ತೆರೆದುಕೊಳ್ಳುತ್ತದೆ. ಐದು ವರ್ಷ ಅಥವಾ ಪಾಸ್‌ಪೋರ್ಟಿನ ಅವಧಿ, ಯಾವುದು ಮೊದಲೋ ಅಲ್ಲಿಯವರೆಗೆ ಈ ಸವಲತ್ತು.

ಕನ್ನಡಿಗರನ್ನು ಇಂಥ ಕಡೆಗಳಲ್ಲಿ ಹೆಚ್ಚಾಗಿ ಕಾಡುವುದು ಹೆಸರು. ನಮ್ಮಲ್ಲಿ ಇನಿಷಿಯಲ್ ಎಂದರೆ ಒಬ್ಬರಿಗೆ ಊರು, ಒಬ್ಬರಿಗೆ ತಂದೆ, ಮತ್ತೊಬ್ಬರಿಗೆ ಎರಡೂ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿದ ಇನ್ನೊಂದು ಬಗೆ, ಮದುವೆಯ ನಂತರ ಮಗದೊಂದು. ಒಂದೇ ಹೆಸರಿರುವವರ ಅಮೆರಿಕದ ವೀಸಾದಲ್ಲಿ ಆ ಹೆಸರು ಮನೆತನದ ಹೆಸರಾಗಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಹೆಸರು ಗೊತ್ತಿಲ್ಲ ಎಂದು ಬೀಳುತ್ತದೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದಾಗ ಗಾಬರಿಯಾದವರು ಒಬ್ಬಿಬ್ಬರಲ್ಲ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿದ್ದರೂ ನಡೆಯುತ್ತದೆ ಎಂಬ ಸ್ಪಷ್ಟನೆ ನಂತರ ಬಂತು. ಸಂದರ್ಶನಕ್ಕೆ ಹೋಗುವ ಮುನ್ನ ಎಲ್ಲ ಕಾಗದಗಳಲ್ಲೂ ಹೆಸರು ಅಕ್ಷರಶಃ ಒಂದೇ ಇದೆಯೇ ಎಂದು ನೋಡಿಕೊಳ್ಳಬೇಕಾದ್ದು ಇದಕ್ಕೇ.

ಹೆಸರಿನ ಭಾರ ಎಷ್ಟೆಂದು ಏಂಜಲ್ ದ್ವೀಪವನ್ನು ದಾಟಿದವರನ್ನು ಕೇಳಬೇಕಿತ್ತು. ಕೊಂಡುತಂದ ಹೆಸರಿನಲ್ಲೇ ಅವರು ಅಂಗಡಿಯಿಟ್ಟರು, ಮದುವೆಯಾದರು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಚೀನೀಯರನ್ನು ಹೊರಗಿಟ್ಟ ಕಾಯ್ದೆ 1943ರಲ್ಲಿ ರದ್ದಾಯಿತು. 1956ರಿಂದ ಸುಮಾರು ಹತ್ತು ವರ್ಷ, ನಿಜ ಒಪ್ಪಿಕೊಂಡವರಿಗೆ ಸಕ್ರಮದ ಅವಕಾಶ ನೀಡುವ ಯೋಜನೆ ನಡೆಯಿತು. ಒಬ್ಬ ಒಪ್ಪಿಕೊಂಡರೆ ಅವನ ಕಾಗದದ ಅಣ್ಣತಮ್ಮಂದಿರೆಲ್ಲ ಸಿಕ್ಕಿಬೀಳುತ್ತಿದ್ದರು. ಆ ಅಳುಕಿನಿಂದ ಎಷ್ಟೋ ಮಂದಿ ಕೊನೆಯವರೆಗೂ ಬಾಯಿಬಿಡಲಿಲ್ಲ. ಅಂಥವರ ಕೆಲವು ಸಮಾಧಿಗಳ ಮೇಲೆ ಇಂದಿಗೂ ಎರಡು ಹೆಸರುಗಳಿವೆ. ಇಂಗ್ಲಿಷಿನಲ್ಲಿ ಕೆತ್ತಿದ್ದು ಅಧಿಕಾರಿಗೆ ಹೇಳಿದ ಹೆಸರು. ಅದರ ಪಕ್ಕದಲ್ಲಿ, ಚೀನೀ ಅಕ್ಷರಗಳಲ್ಲಿ, ಹೆತ್ತವರು ಇಟ್ಟದ್ದು.